ಕೆರೆ ದಂಡೆಯ ಮೇಲೆ ಮೂರನೇ ಸುತ್ತು: ಕೆಳಗೆ ಹಾರಿದ ಚಿಕ್ಕ ವಿಮಾನ ಬಿದ್ದದ್ದು, ನಾವು ಸುಮ್ಮನಿದ್ದದ್ದು

ವಾರಾಂತ್ಯದ ಪೈಲಟ್

ಒಂದು ತಿಂಗಳಿಂದ ಇದನ್ನು ಬರೆಯಬೇಕು ಅಂತ ಕೂರುತ್ತೇನೆ, ಎರಡು ಸಾಲು ಬರೆದು ಅಳಿಸುತ್ತೇನೆ. ಇವತ್ತು ಪೂರ್ತಿ ಬರೆದೇ ಏಳುತ್ತೇನೆ.

ನಮ್ಮ ಕ್ಲಬ್ಬಿನ ಚಿಕ್ಕ ವಿಮಾನ ಕೆರೆ ದಂಡೆಯಲ್ಲಿ ಬಿತ್ತು. ಹಾರಿಸುತ್ತಿದ್ದವನು ನನ್ನ ಗೆಳೆಯ. ಬದುಕಿದ್ದಾನೆ, ಬೆನ್ನುಮೂಳೆ ಎರಡು ಕಡೆ ಮುರಿದಿದೆ. ಪಕ್ಕದ ಸೀಟಿನಲ್ಲಿ ಅವನ ಚಿಕ್ಕಪ್ಪನ ಮಗ ಕೂತಿದ್ದ. ಆ ಹುಡುಗ ಉಳಿಯಲಿಲ್ಲ. ತನಿಖೆ ಇನ್ನೂ ನಡೆಯುತ್ತಿದೆ, ಹಾಗಾಗಿ ಹೆಸರು, ಜಾಗ, ವಿಮಾನದ ನಂಬರ್ ಯಾವುದನ್ನೂ ಬರೆಯುವುದಿಲ್ಲ. ದಯವಿಟ್ಟು ಕೇಳಬೇಡಿ.

ಅವತ್ತು ನಾವು ಏಳೆಂಟು ಜನ ದಂಡೆಯ ಮೇಲಿದ್ದೆವು. ಅವನು ಬರುತ್ತಾನೆ ಅಂತ ಮೊದಲೇ ಗೊತ್ತಿತ್ತು. ಮೊದಲ ಸುತ್ತು ಸುಮಾರು ಎತ್ತರದಲ್ಲೇ ಇತ್ತು, ಎಲ್ಲರೂ ಕೈ ಬೀಸಿದೆವು. ಎರಡನೇ ಸುತ್ತಿಗೆ ಇನ್ನೂ ಕೆಳಗೆ ಬಂದ, ಕಿಟಕಿಯಲ್ಲಿ ಆ ಹುಡುಗನ ಬಿಳಿ ಹೆಡ್‌ಸೆಟ್ ಕಾಣುವಷ್ಟು. 200 ಅಡಿ ಇದ್ದಿರಬಹುದು. ಮೂರನೇ ಸುತ್ತಿನಲ್ಲಿ ಗಾಳಿ ಅವನನ್ನು ನಮ್ಮಿಂದ ದೂರ ತಳ್ಳುತ್ತಿತ್ತು ಅನ್ಸುತ್ತೆ, ನಮ್ಮ ನೆತ್ತಿಯ ಮೇಲೇ ಬರಬೇಕು ಅಂತ ಎಡಕ್ಕೆ ಇನ್ನೂ ಜೋರಾಗಿ ವಾಲಿಸಿದ. ರೆಕ್ಕೆ ಹೆಚ್ಚುಕಡಿಮೆ ನೆಟ್ಟಗೆ ನಿಂತಂತೆ ಕಂಡಿತು. ಆಮೇಲೆ ಆ ಎಡ ರೆಕ್ಕೆಯನ್ನು ಯಾರೋ ಕೆಳಗಿಂದ ಹಗ್ಗ ಹಾಕಿ ಎಳೆದ ಹಾಗೆ ಒಮ್ಮೆಲೇ ಬಿತ್ತು, ಮೂಗು ನೆಲಕ್ಕೆ ತಿರುಗಿತು, ಅರ್ಧ ಸುತ್ತು ತಿರುಗಿತು, ಅಷ್ಟೇ. ನನ್ನ ಫೋನಿನಲ್ಲಿ ವಿಡಿಯೋ ಇದೆ. ರೆಕ್ಕೆ ಬಿದ್ದದ್ದರಿಂದ ನೆಲಕ್ಕೆ ಬಡಿಯುವ ತನಕ 4 ಸೆಕೆಂಡ್ ಕೂಡ ಇಲ್ಲ. ಎಂಜಿನ್ ಕೊನೇ ತನಕ ಪೂರ್ತಿ ಸದ್ದು ಮಾಡುತ್ತಿತ್ತು.

ಓಡಿ ಹೋದಾಗ ಮೊದಲು ಬಡಿದದ್ದು ಪೆಟ್ರೋಲ್ ವಾಸನೆ. ಸೀಳಿದ ರೆಕ್ಕೆಯಿಂದ ಒಣ ಎಲೆಗಳ ಮೇಲೆ ತೊಟ್ ತೊಟ್ ಅಂತ ಬೀಳುತ್ತಿತ್ತು. ಎಂಜಿನ್ ನಿಂತಿತ್ತು, ಆದರೆ ಉಪಕರಣಗಳ ಹಿಂದೆ ಜೈರೋ, ಅಂದರೆ ವಾಲಿಕೆ ತೋರಿಸುವ ಮೀಟರಿನೊಳಗಿನ ಚಕ್ರ, ಇನ್ನೂ ಸುಯ್ಯ್ ಅಂತ ತಿರುಗುತ್ತಲೇ ಇತ್ತು. ನಾನು ಕೈ ಹಾಕಿ ಕರೆಂಟಿನ ಮಾಸ್ಟರ್ ಸ್ವಿಚ್ ಆರಿಸಿದೆ. ಆ ಸುಯ್ಯ್ ಸದ್ದು ಆಮೇಲೂ ಒಂದೆರಡು ನಿಮಿಷ ನಿಲ್ಲಲಿಲ್ಲ. ಈಗಲೂ ರಾತ್ರಿ ಫ್ಯಾನ್ ಆರಿಸಿದರೆ ಅದೇ ನೆನಪಾಗುತ್ತದೆ.

ಎಲ್ಲರೂ "ಗಾಳಿ ಜೋರಿತ್ತು", "ಹಣೆಬರಹ" ಅಂತ ಹೇಳಿ ಸಮಾಧಾನ ಮಾಡುತ್ತಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದಕ್ಕಿಂತ ಮುಂಚೆ ಅವನು ಮೂರು ಸಲ ಹೀಗೇ ಕೆಳಗೆ ಹಾರಿದ್ದ. ಮೂರು ಸಲವೂ ನಾನು ನೋಡಿದ್ದೆ, ಒಂದು ಸಲ ಚಪ್ಪಾಳೆ ಕೂಡ ತಟ್ಟಿದ್ದೆ. ನನ್ನದು ವಾರಾಂತ್ಯದ ಹಾರಾಟ, ಗಂಟೆಗಳೂ ಕಡಿಮೆ, ಅವನಿಗೆ ಹೇಳೋಕೆ ನಾನ್ಯಾರು ಅಂದುಕೊಂಡಿದ್ದೆ. ಆ ರೆಕ್ಕೆ ಯಾಕೆ ಬಿತ್ತು ಅಂತ ತಿಳಿದವರು ಬಿಡಿಸಿ ಹೇಳಿ. ನಾನು ಯಾವಾಗ ಬಾಯಿ ಬಿಡಬೇಕಿತ್ತು ಅನ್ನುವುದನ್ನೂ ಹೇಳಿ.

ಹಳೇ ಬೋಧಕ

ಆ ಹುಡುಗನ ಮನೆಯವರನ್ನು ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತದೆ. ನಿಮಗೂ ಸುಲಭ ಅಲ್ಲ. ಬರೆದದ್ದು ಒಳ್ಳೆಯದಾಯಿತು.

ತನಿಖೆಯವರು ಏನು ಹೇಳುತ್ತಾರೋ ಅದು ಬೇರೆ, ಅದಕ್ಕೆ ಕಾಯಬೇಕು. ಆದರೆ ನೀವು ವಿವರಿಸಿದ ಆ ಸುತ್ತು ನಮಗೆಲ್ಲ ತುಂಬಾ ಹಳೆಯದು. ಅಲಾಸ್ಕಾದಲ್ಲಿ ಇದಕ್ಕೆ ಒಂದು ಹೆಸರೇ ಇದೆ, "ಮೂಸ್ ಟರ್ನ್" ಅನ್ನುತ್ತಾರೆ. ಕೆಳಗೆ ದೊಡ್ಡ ಕಡವೆಯಂಥ ಮೂಸ್ ಪ್ರಾಣಿ ಕಂಡರೆ ಪೈಲಟ್ ಅದರ ಸುತ್ತ ತಿರುಗುತ್ತಾನೆ. ಕಣ್ಣು ಪ್ರಾಣಿಯ ಮೇಲೆ. ಸುತ್ತು ಬಿಗಿಯಾಗುತ್ತಾ ಹೋಗುತ್ತದೆ, ವೇಗ ಇಳಿಯುತ್ತಾ ಹೋಗುತ್ತದೆ, ವೇಗದ ಮುಳ್ಳನ್ನು ನೋಡುವವರು ಯಾರೂ ಇಲ್ಲ. ಕೆಳಗೆ ಮೂಸ್ ಇದ್ದರೂ ಒಂದೇ, ಕೈ ಬೀಸುವ ಗೆಳೆಯರಿದ್ದರೂ ಒಂದೇ.

ಲೆಕ್ಕ ಹೀಗೆ. ವಿಮಾನ ನೇರವಾಗಿ ಹಾರುವಾಗ ರೆಕ್ಕೆ ಹೊರುವುದು ವಿಮಾನದ ತೂಕವನ್ನು ಮಾತ್ರ. ವಾಲಿಸಿ, ಎತ್ತರ ಬಿಡದೆ ತಿರುಗಿದರೆ ಜಾಸ್ತಿ ಹೊರಬೇಕು. 60 ಡಿಗ್ರಿ ವಾಲಿಸಿದರೆ ಹೊರುವ ಭಾರ ಸರಿಯಾಗಿ ಎರಡರಷ್ಟು. ಭಾರ ಎರಡರಷ್ಟಾದರೆ ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ಎತ್ತಲಾರದೆ ಕೈಬಿಡುವ ವೇಗ, 1.41 ಪಟ್ಟಾಗುತ್ತದೆ. ಸೆಸ್ನಾ 172ಎಸ್ ಅನ್ನುವ ಚಿಕ್ಕ ವಿಮಾನದ ಉದಾಹರಣೆ ತಗೊಳ್ಳಿ: ಪೂರ್ತಿ ತೂಕ, ಫ್ಲ್ಯಾಪ್ (ರೆಕ್ಕೆಯ ಹಿಂದಿನ ಮಡಚುವ ಪಟ್ಟಿ) ಇಳಿಸಿಲ್ಲ, ನೇರ ಹಾರಾಟ, ಆಗ ಮೀಟರಿನಲ್ಲಿ 48 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್) ಹತ್ತಿರ ಸ್ಟಾಲ್. 30 ಡಿಗ್ರಿಗೆ 52. 45 ಡಿಗ್ರಿಗೆ 57. 60 ಡಿಗ್ರಿಗೆ 68. ನೋಡಿ, 30ರ ತನಕ ಏನೂ ಆಗಲಿಲ್ಲ ಅನ್ನುವಂತೆ ಇರುತ್ತದೆ, 45 ದಾಟಿದ ಮೇಲೆ ದಡದಡ ಏರುತ್ತದೆ. ಗೆಳೆಯರು ಚೆನ್ನಾಗಿ ಕಾಣಲಿ ಅಂತ 70 ನಾಟ್‌ಗೆ ನಿಧಾನ ಮಾಡಿಕೊಂಡವನಿಗೆ 60 ಡಿಗ್ರಿ ವಾಲಿಸಿದಾಗ ಉಳಿಯುವುದು ಎರಡೇ ಎರಡು ನಾಟ್. ಒಂದು ಸಣ್ಣ ಗಾಳಿ ಹೊಡೆತ ಸಾಕು.

ಕಲಿಯುತ್ತಿರುವವಳು

ಸರ್, ನಾನು ಇನ್ನೂ 22 ಗಂಟೆ ಹಾರಿದವಳು, ತಪ್ಪು ತಿಳಿಯಬೇಡಿ. ಎಂಜಿನ್ ಪೂರ್ತಿ ಓಡುತ್ತಿತ್ತು ಅಂತ ಬರೆದಿದ್ದಾರೆ. ಮನೆಯಲ್ಲಿ ಅಪ್ಪನಿಗೆ ಓದಿ ಹೇಳಿದೆ, ಎಂಜಿನ್ ಚೆನ್ನಾಗಿದ್ದರೆ ಅದು ಹೇಗೆ ಬೀಳುತ್ತೆ ಅಂತ ಕೇಳಿದರು. ನನಗೆ ಪಾಠದಲ್ಲಿ ಓದಿದ್ದು ಗೊತ್ತು, ಆದರೆ ಅವರಿಗೆ ಅರ್ಥವಾಗುವ ಹಾಗೆ ಹೇಳಲು ಬರಲಿಲ್ಲ. ಮತ್ತೆ ಒಂದೇ ರೆಕ್ಕೆ ಯಾಕೆ ಬಿತ್ತು?

ಹಳೇ ಬೋಧಕ

ಒಳ್ಳೇ ಪ್ರಶ್ನೆ ಅಮ್ಮ. ಕಾರು "ಸ್ಟಾಲ್" ಆಯ್ತು ಅಂದರೆ ಎಂಜಿನ್ ನಿಂತಿತು ಅಂತ ಅರ್ಥ. ವಿಮಾನದಲ್ಲಿ ಸ್ಟಾಲ್ ಆಗುವುದು ಎಂಜಿನ್ ಅಲ್ಲ, ರೆಕ್ಕೆ.

ಅಪ್ಪನಿಗೆ ಹೀಗೆ ಹೇಳಿ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ, ಮುಂದಿನ ಅಂಚನ್ನು ಸ್ವಲ್ಪ ಮೇಲೆ ಮಾಡಿದರೆ ಕೈ ಮೇಲಕ್ಕೆ ಹೋಗುತ್ತದೆ. ಇನ್ನೂ ಓರೆ ಮಾಡಿದರೆ ಇನ್ನೂ ಮೇಲೆ. ಆದರೆ ಒಂದು ಹಂತ ದಾಟಿದರೆ ಎತ್ತುವುದು ನಿಂತು ಸುಮ್ಮನೆ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಗೂ ಅಷ್ಟೇ. ಎದುರು ಗಾಳಿಗೆ ಸುಮಾರು 15, 16 ಡಿಗ್ರಿ ಓರೆ ದಾಟಿದರೆ ಮೇಲ್ಭಾಗದ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತು ಬರುತ್ತದೆ. ಆ ಓರೆ ಬರುವುದು ಮೂಗು ಎತ್ತಲು ಕೈಯಲ್ಲಿನ ಸ್ಟಿಕ್ ಹಿಂದಕ್ಕೆ ಎಳೆದಾಗ. ಸುತ್ತು ಬಿಗಿ ಮಾಡಬೇಕು ಅಂತ ಪೈಲಟ್ ಮಾಡುವುದೂ ಅದನ್ನೇ. ವೇಗ ಎಷ್ಟೇ ಇರಲಿ, ಎಂಜಿನ್ ಎಷ್ಟೇ ಕೂಗಲಿ, ಆ ಓರೆ ದಾಟಿದರೆ ಸ್ಟಾಲ್ ಆಗಿಯೇ ಆಗುತ್ತದೆ.

ಒಂದೇ ರೆಕ್ಕೆ ಯಾಕೆ ಅಂದರೆ, ಇಲ್ಲೇ ಗಾಳಿಯ ಮೋಸ ಇರುವುದು. 3,000 ಅಡಿಯಲ್ಲಿ ನಮಗೆ ಗಾಳಿ ನಮ್ಮನ್ನು ತಳ್ಳುವುದು ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. 200 ಅಡಿಯಲ್ಲಿ ನೆಲ ಓಡುವುದು ಕಾಣುತ್ತದೆ. ಹಿಂದಿನಿಂದ ಗಾಳಿ ಬಂದಾಗ ನೆಲ ಜೋರಾಗಿ ಓಡುತ್ತದೆ, ವೇಗ ಬೇಕಾದಷ್ಟಿದೆ ಅನ್ನಿಸುತ್ತದೆ, ಆದರೆ ರೆಕ್ಕೆಗೆ ಬೇಕಾದ ಗಾಳಿಯ ವೇಗ ಅಷ್ಟೇ ಇರುತ್ತದೆ, ಒಂದು ನಾಟ್ ಜಾಸ್ತಿ ಇಲ್ಲ. ಕೆಲವರು ಅದನ್ನು ನಂಬಿ ಥ್ರಾಟಲ್, ಅಂದರೆ ಎಂಜಿನ್ ಶಕ್ತಿ, ಇಳಿಸುತ್ತಾರೆ. ಆಮೇಲೆ ಗಾಳಿ ವಿಮಾನವನ್ನು ಸುತ್ತಿನ ಹೊರಗೆ ಎಳೆದೊಯ್ಯುತ್ತದೆ. ಕೆಳಗಿನ ಗುರಿ ತಪ್ಪುತ್ತದೆ. ಆಗ ಕಾಲು ತಾನೇ ತಾನಾಗಿ ಸುತ್ತಿನ ಒಳಬದಿಯ ರಡ್ಡರ್ ಪೆಡಲ್ (ಬಾಲದ ಚುಕ್ಕಾಣಿಯದು) ಒತ್ತುತ್ತದೆ, ಮೂಗನ್ನು ಗುರಿ ಕಡೆ ತಿರುಗಿಸಲು. ಕೈ ಹಿಂದಕ್ಕೆ ಎಳೆಯುತ್ತದೆ, ಕಾಲು ಒಳಕ್ಕೆ ಒತ್ತುತ್ತದೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ಬೀಳುತ್ತದೆ. ನಾವು ಪಾಠದಲ್ಲಿ ಸ್ಪಿನ್, ಅಂದರೆ ಬುಗುರಿಯಂತೆ ಸುತ್ತುತ್ತಾ ಬೀಳುವುದನ್ನು, ಮಾಡಿಸಲು ಬೇಕು ಅಂತಲೇ ಮಾಡುವ ಕೆಲಸ ಇದೇ.

ಸೆಸ್ನಾ 172ರ ಕೈಪಿಡಿಯಲ್ಲಿ ಒಂದು ಸುತ್ತು ಸ್ಪಿನ್ ಆಗಿ ಅದರಿಂದ ಹೊರಬರಲು ಕಡೇ ಪಕ್ಷ 1,000 ಅಡಿ ಎತ್ತರ ಕಳೆಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ ಅಂದಿದ್ದಾರೆ. ಅವರ ಹತ್ತಿರ ಇದ್ದದ್ದು 200. ಆ ಸೀಟಿನಲ್ಲಿ ನಾನಿದ್ದರೂ ಅಲ್ಲಿಂದ ಎತ್ತಲು ಆಗುತ್ತಿರಲಿಲ್ಲ. ಮೂವತ್ತು ವರ್ಷ ಕಲಿಸಿದವನು ಹೇಳುತ್ತಿದ್ದೇನೆ.

ನೆಲದ ಮೆಕ್ಯಾನಿಕ್

ನಾನು ಹಾರುವವನಲ್ಲ, ರಿಪೇರಿ ಮಾಡುವವನು. ಎರಡು ಸಲ ಬಿದ್ದ ವಿಮಾನದ ತುಂಡು ಎತ್ತಿ ಜೋಡಿಸುವ ಕಡೆ ಕೆಲಸ ಮಾಡಿದ್ದೇನೆ.

ಬಿದ್ದ ಜಾಗ ನೋಡಿದರೇ ಅರ್ಧ ಕಥೆ ಗೊತ್ತಾಗುತ್ತದೆ. ತುಂಡುಗಳು ಉದ್ದಕ್ಕೆ ನೂರಾರು ಅಡಿ ಚೆಲ್ಲಿದ್ದರೆ ವಿಮಾನ ಹಾರುತ್ತಾ ಬಂದು ನೆಲಕ್ಕೆ ಉಜ್ಜಿದೆ ಅಂತ. ಎಲ್ಲವೂ ಒಂದೇ ಕಡೆ ಮುದ್ದೆಯಾಗಿ ಬಿದ್ದಿದ್ದರೆ, ಮುಂದಕ್ಕೆ ಹೋಗುವ ವೇಗವೇ ಇರಲಿಲ್ಲ, ಮೇಲಿಂದ ಬಿದ್ದಿದೆ ಅಂತ. ಪ್ರೊಪೆಲ್ಲರ್ ಕೂಡ ಹೇಳುತ್ತದೆ. ಎಂಜಿನ್ ಶಕ್ತಿ ಕೊಡುತ್ತಾ ಇದ್ದಾಗ ನೆಲಕ್ಕೆ ಹೊಡೆದರೆ ಬ್ಲೇಡ್ ತಿರುಚಿಕೊಂಡಿರುತ್ತದೆ, ತುದಿ ಮುಂದಕ್ಕೆ ಬಾಗಿರುತ್ತದೆ, ಅಡ್ಡಡ್ಡ ಗೀರು ಇರುತ್ತದೆ. ನಿಂತ ಎಂಜಿನ್ ಆದರೆ ಒಂದು ಬ್ಲೇಡ್ ಹಿಂದಕ್ಕೆ ಬಾಗಿ ಇನ್ನೊಂದು ನೆಟ್ಟಗೇ ಇರುವುದೂ ಉಂಟು.

ಎಚ್ಚರಿಕೆಯ ಹಾರ್ನ್ ಬಗ್ಗೆ ಒಂದು ಮಾತು. 172ರಂಥ ವಿಮಾನದಲ್ಲಿ ಅದಕ್ಕೆ ಕರೆಂಟೇ ಬೇಡ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಸೀಳು ಇದೆ. ಸ್ಟಾಲ್ ಹತ್ತಿರ ಬಂದಾಗ ಅಲ್ಲಿ ಗಾಳಿ ಒಳಕ್ಕಲ್ಲ, ಹೊರಕ್ಕೆ ಎಳೆಯುತ್ತದೆ, ಒಳಗಿನ ಪೀಪಿ ಊದುತ್ತದೆ. ಸ್ಟಾಲ್‌ಗೆ 5ರಿಂದ 10 ನಾಟ್ ಮುಂಚೆಯೇ ಕೂಗುತ್ತದೆ. ಹಾರುವ ಮುಂಚೆ ಪರೀಕ್ಷೆ ಮಾಡೋದು ಹೇಗೆ ಗೊತ್ತಾ? ಆ ಸೀಳಿನ ಮೇಲೆ ಒಂದು ಶುದ್ಧ ಕರ್ಚೀಫ್ ಇಟ್ಟು ಬಾಯಿಂದ ಗಾಳಿ ಎಳೆಯಬೇಕು. ಒಳಗೆ ಪೀ ಅಂದರೆ ಸರಿ. ಎಷ್ಟು ಜನ ಮಾಡುತ್ತಾರೆ? ಹುಳು ಗೂಡು ಕಟ್ಟಿ ಸೀಳು ಮುಚ್ಚಿಹೋಗಿದ್ದನ್ನು ನಾನೇ ತೆಗೆದಿದ್ದೇನೆ. ನಿಮ್ಮ ಕ್ಲಬ್ಬಿನ ವಿಮಾನದಲ್ಲಿ ಹಾಗೇ ಆಗಿತ್ತು ಅಂತ ಹೇಳುತ್ತಿಲ್ಲ. ಪರೀಕ್ಷೆ ಮಾಡಿ ಅಂತ ಹೇಳುತ್ತಿದ್ದೇನೆ.

ಗಾಳಿಪಟ

ಎಲ್ಲರೂ ಕೆಳಗೆ ಹಾರುವುದೇ ಪಾಪ ಅನ್ನುವಂತೆ ಬರೆಯುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಚಿಕ್ಕ ವಿಮಾನ ಹಾರಿಸುವ ಸುಖ ಇರುವುದೇ ನೆಲ ಕಾಣುವಷ್ಟು ಕೆಳಗೆ. ನದಿ ತಿರುವಿನ ಜೊತೆ ತಿರುಗುವುದು, ಬೆಳಿಗ್ಗೆ ಮಂಜು ಗದ್ದೆ ಮೇಲೆ ತೇಲುವುದನ್ನು ನೋಡುವುದು. 5,000 ಅಡಿಯಿಂದ ಏನು ಕಾಣುತ್ತದೆ? ಅನುಭವ ಇದ್ದವರು, ವಿಮಾನವನ್ನು ಬಲ್ಲವರು ಮಾಡಬಹುದು. ಅನುಭವ ಇಲ್ಲದವರು ಮಾಡಿದ್ದಕ್ಕೆ ಎಲ್ಲರನ್ನೂ ನಿಲ್ಲಿಸುವುದು ಸರಿಯಲ್ಲ. ಈಗಿನ ಹೊಸ ವಿಮಾನಗಳು ಸ್ಪಿನ್‌ಗೆ ಸುಲಭವಾಗಿ ಹೋಗದ ಹಾಗೆ ಮಾಡಿರುತ್ತಾರೆ.

ಹಳೇ ಬೋಧಕ

ಆ ಮಂಜು ನನಗೂ ಇಷ್ಟ. ಸುಳ್ಳು ಹೇಳುವುದಿಲ್ಲ. ಆದರೆ ನೀವು ಹೇಳಿದ ಎರಡಕ್ಕೂ ಒಂದೇ ವರ್ಷದ, ಒಂದೇ ಜಾತಿಯ ವಿಮಾನದ ಉತ್ತರ ಇದೆ. ಐಕಾನ್ ಎ5, ನೀರಿನ ಮೇಲೂ ಇಳಿಯುವ ಎರಡು ಸೀಟಿನ ಚಿಕ್ಕ ವಿಮಾನ. ಸ್ಪಿನ್‌ಗೆ ಸುಲಭವಾಗಿ ಹೋಗದ ವಿನ್ಯಾಸ, ರೆಕ್ಕೆಯ ಓರೆ ತೋರಿಸುವ ಮೀಟರ್ ಕಣ್ಣೆದುರೇ ಇದೆ. 2017ರ ಮೇ 8ರಂದು ಕ್ಯಾಲಿಫೋರ್ನಿಯಾದ ಬೆರ್ರಿಎಸಾ ಸರೋವರದಲ್ಲಿ ಜಾನ್ ಕಾರ್ಕೋ ಅದನ್ನು ನೀರಿಗೆ ಹತ್ತಿರವಾಗಿ ಹಾರಿಸುತ್ತಾ ಒಂದು ಕಣಿವೆಯೊಳಗೆ ಹೋದರು. ಅದು ಮುಂದೆ ಮುಚ್ಚಿಕೊಂಡ ಕಣಿವೆ. ತಿರುಗಿಸಲು ಹೋಗಿ ಕಣಿವೆಯ ಗೋಡೆಗೆ ಬಡಿದು ಅವರೂ ಪಕ್ಕದಲ್ಲಿ ಕೂತಿದ್ದವರೂ ಸತ್ತರು. ಆ ವಿಮಾನವನ್ನು ವಿನ್ಯಾಸ ಮಾಡಿದ ಮುಖ್ಯ ಎಂಜಿನಿಯರ್‌ಗಳಲ್ಲಿ ಕಾರ್ಕೋ ಕೂಡ ಒಬ್ಬರು, ಅದನ್ನು ಪರೀಕ್ಷೆಗೆ ಹಾರಿಸಿದವರು. ಅವರಿಗಿಂತ ಆ ವಿಮಾನವನ್ನು ಬಲ್ಲವರು ಯಾರು?

ಅದೇ ವರ್ಷ ನವೆಂಬರ್ 7ರಂದು ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೇ ಅದೇ ಎ5ನಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಒಬ್ಬರೇ ಹಾರುತ್ತಿದ್ದರು. ನೀರಿಗೆ ಹತ್ತಿರ ಹಾರುವುದು, ಕಡಿದಾಗಿ ಮೇಲೇರುವುದು, ಜೋರಾಗಿ ವಾಲಿಸಿ ತಿರುಗುವುದು, ಮತ್ತೆ ಇಳಿಯುವುದು. ಕೊನೆಗೆ ನೀರಿಗೆ ಬಿದ್ದರು. ಅವರ ದೇಹದಲ್ಲಿ ಔಷಧಗಳು ಇದ್ದದ್ದೂ ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ವರದಿಯಲ್ಲಿ ಬಂತು, ಅದನ್ನು ಬಿಟ್ಟು ಹೇಳಬಾರದು. ಒಬ್ಬರಿಗೆ ಅನುಭವ ಬೇಕಾದಷ್ಟಿತ್ತು, ಇನ್ನೊಬ್ಬರಿಗೆ ಆ ವಿಮಾನ ಹೊಸದು. ಎತ್ತರ ಇಬ್ಬರಿಗೂ ಇರಲಿಲ್ಲ.

ಕಣಿವೆ ವಿಷಯ ಬಂತಲ್ಲ, ಒಂದು ಲೆಕ್ಕ ನೋಡಿ. 100 ನಾಟ್ ವೇಗದಲ್ಲಿ 30 ಡಿಗ್ರಿ ವಾಲಿಸಿ ಹಿಂದಕ್ಕೆ ತಿರುಗಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಅಗಲ ಬೇಕು. 70 ನಾಟ್‌ನಲ್ಲಿ ಅದೇ ವಾಲಿಕೆಗೆ ಅರ್ಧಕ್ಕಿಂತ ಕಡಿಮೆ ಸಾಕು. ಕಣಿವೆಯೊಳಗೆ ವೇಗವಾಗಿ ಹೋದವನು ತಿರುಗುವ ಜಾಗವನ್ನು ತಾನೇ ಕಳೆದುಕೊಂಡಿರುತ್ತಾನೆ. ನಿಧಾನ ಮಾಡಿ ವಾಲಿಸಿದರೆ ಮೇಲೆ ಹೇಳಿದ ಸ್ಟಾಲ್ ಕಾದಿರುತ್ತದೆ. ಮೇಲೇರಿ ದಾಟೋಣ ಅಂದರೆ ಚಿಕ್ಕ ವಿಮಾನ ಏರುವುದು ಐದಾರು ಡಿಗ್ರಿ ಇಳಿಜಾರಿನಲ್ಲಿ, ಬೆಟ್ಟ ಅದಕ್ಕಿಂತ ಬೇಗ ಏರುತ್ತದೆ. ಬಿಸಿಲು ಜಾಸ್ತಿ ಇದ್ದರೆ, ಜಾಗವೇ ಎತ್ತರದಲ್ಲಿದ್ದರೆ ಅಷ್ಟೂ ಏರುವುದಿಲ್ಲ.

ಸ್ಪ್ರೇ ಪೈಲಟ್

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯದೆ ಇರಲು ಆಗಲಿಲ್ಲ. ನಾನು ಹನ್ನೊಂದು ವರ್ಷ ಬೆಳೆಗೆ ಔಷಧಿ ಹೊಡೆಯುವ ವಿಮಾನ ಹಾರಿಸಿದವನು. ನಮ್ಮ ಕೆಲಸವೇ ಪೈರಿನ ಮೇಲೆ 10 ಅಡಿಯಲ್ಲಿ. ಹಾಗಾದರೆ ನಾವು ಹೇಗೆ ಬದುಕಿದ್ದೇವೆ ಅಂತ ಗಾಳಿಪಟ ಅವರು ಕೇಳಬಹುದು.

ನಾವು ಹೊಲಕ್ಕೆ ಇಳಿಯುವ ಮುಂಚೆ ಮೇಲಿನಿಂದ ಸುತ್ತು ಹಾಕಿ ನೋಡುತ್ತೇವೆ. ಮ್ಯಾಪ್ ಇರುತ್ತದೆ. ರೈತನನ್ನು ಕೇಳಿರುತ್ತೇವೆ. ಹೆಲ್ಮೆಟ್ ಹಾಕುತ್ತೇವೆ. ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಲು ಹೋಗುವುದಿಲ್ಲ. ಇಷ್ಟು ಮಾಡಿಯೂ ನಮ್ಮವರು ಸಾಯುತ್ತಾರೆ, ಮತ್ತು ಸಾಯಿಸುವುದು ಹೆಚ್ಚಾಗಿ ತಂತಿ.

ತಂತಿ ಕಾಣುವುದಿಲ್ಲ. ಇದನ್ನು ನೆಲದ ಮೇಲೆ ನಿಂತವರಿಗೆ ನಂಬಿಸುವುದು ಕಷ್ಟ, ನಿಮಗೆ ಆಕಾಶದ ಎದುರು ಕಪ್ಪು ಗೆರೆಯಾಗಿ ಕಾಣುತ್ತದಲ್ಲ. ಮೇಲಿನಿಂದ ನೋಡಿದರೆ ಅದರ ಹಿಂದೆ ಇರುವುದು ಹೊಲ, ಮರ, ಮಣ್ಣು. ಅದರಲ್ಲಿ ಕರಗಿಹೋಗುತ್ತದೆ. ದೊಡ್ಡ ಟವರ್‌ಗಳ ತುದಿಯಲ್ಲಿ ಸಿಡಿಲಿಗೆ ಅಂತ ಒಂದು ತೆಳು ತಂತಿ ಇರುತ್ತದೆ. ದಪ್ಪ ತಂತಿ ನೋಡಿ ಅದರ ಮೇಲೆ ಹಾರಿದೆ ಅಂದುಕೊಂಡವನು ಆ ತೆಳು ತಂತಿಗೆ ಸಿಗುತ್ತಾನೆ. ಅದಕ್ಕೇ ನಾವು ತಂತಿ ಹುಡುಕುವುದೇ ಇಲ್ಲ, ಕಂಬ ಹುಡುಕುತ್ತೇವೆ. ದಾಟುವುದೂ ಕಂಬದ ತಲೆಯ ಮೇಲೇ. ಅಲ್ಲಿ ತಂತಿ ಎಲ್ಲಿದೆ ಅಂತ ಖಾತ್ರಿ ಇರುತ್ತದೆ.

ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿದ್ದು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತೆ ಸಂಸ್ಥೆಯವರು ನಮ್ಮ ಕೆಲಸದಲ್ಲಿ ಆದ ತಂತಿ ಅಪಘಾತಗಳನ್ನು ಕೂತು ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಪೈಲಟ್‌ಗಳಿಗೆ ಆ ತಂತಿ ಅಲ್ಲಿರುವುದು ಮೊದಲೇ ಗೊತ್ತಿತ್ತು! ನೋಡಿದ್ದರು, ಗುರುತು ಹಾಕಿಕೊಂಡಿದ್ದರು, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತರು. ನನಗೂ ಒಮ್ಮೆ ಹಾಗೇ ಆಗಿದೆ. ಹನ್ನೆರಡು ಸಲ ದಾಟಿದ ತಂತಿ. ಹದಿಮೂರನೇ ಸಲ ಸ್ಪ್ರೇ ನಳಿಕೆ ಕಟ್ಟಿಕೊಂಡಿತು ಅಂತ ಒಂದು ಕ್ಷಣ ಹಿಂದೆ ನೋಡಿದೆ. ತಲೆ ಎತ್ತಿದಾಗ ತಂತಿ ಗಾಜಿನಲ್ಲಿ ಅಡ್ಡಗೆರೆ. ಚಕ್ರಕ್ಕೆ ತಾಗಿ ತುಂಡಾಯಿತು, ನಾನು ಉಳಿದೆ. ಇಳಿದ ಮೇಲೆ ಚಕ್ರದ ಕಾಲಿನ ಮೇಲೆ ಬೆರಳುದ್ದ ಸುಟ್ಟ ಗುರುತು ಇತ್ತು, ಮುಟ್ಟಿದರೆ ಮಸಿ ಕೈಗೆ ಹತ್ತಿತು.

ನೋಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವವರಿಗೆ: ಒಂದು ವಸ್ತು ಕಣ್ಣಿಗೆ ಬಿದ್ದು, ಏನು ಅಂತ ಗುರುತಾಗಿ, ಡಿಕ್ಕಿ ಹೊಡೆಯುತ್ತೆ ಅಂತ ಅರ್ಥವಾಗಿ, ತೀರ್ಮಾನ ಮಾಡಿ, ಕೈ ಆಡಿ, ವಿಮಾನ ತಿರುಗುವ ಹೊತ್ತಿಗೆ 12.5 ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಲೆಕ್ಕ. ಅದನ್ನು ಬೇರೆ ವಿಮಾನಕ್ಕೆ ಡಿಕ್ಕಿ ತಪ್ಪಿಸಲು ಅಂತ ಮಾಡಿದ್ದು, ಆದರೆ ಕಣ್ಣು, ಕೈ ಎರಡೂ ಅವೇ ಅಲ್ವಾ. 100 ನಾಟ್‌ನಲ್ಲಿ ಅಷ್ಟು ಹೊತ್ತಿಗೆ 640 ಮೀಟರ್ ಹೋಗಿರುತ್ತೀರಿ. 640 ಮೀಟರ್ ದೂರದ ತಂತಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಕಲಿಯುತ್ತಿರುವವಳು

ಮೈ ಜುಮ್ ಅಂತು ಸರ್ ಓದಿ. ನಿಯಮದಲ್ಲಿ 500 ಅಡಿ ಅಂತ ಇದೆಯಲ್ಲ, ಅಷ್ಟಕ್ಕೆ ಇದ್ದರೆ ಸಾಕಾ?

ಹಳೇ ಬೋಧಕ

ಅಂತರರಾಷ್ಟ್ರೀಯ ನಿಯಮದಲ್ಲಿ, ಕಣ್ಣಿಂದ ನೋಡಿ ಹಾರುವವರಿಗೆ, ಊರು ಮತ್ತು ಜನ ಗುಂಪು ಸೇರಿದ ಕಡೆ ವಿಮಾನದ ಸುತ್ತ 600 ಮೀಟರ್ ದೂರದೊಳಗಿನ ಅತಿ ಎತ್ತರದ ಅಡಚಣೆಗಿಂತ 300 ಮೀಟರ್, ಅಂದರೆ 1,000 ಅಡಿ ಮೇಲೆ. ಬೇರೆ ಕಡೆ ನೆಲ ಅಥವಾ ನೀರಿನಿಂದ 150 ಮೀಟರ್, ಅಂದರೆ 500 ಅಡಿ. ಇಳಿಯುವಾಗ, ಏರುವಾಗ, ಅನುಮತಿ ಇದ್ದಾಗ ಬಿಟ್ಟು. ದೇಶ ದೇಶಕ್ಕೆ ಸಣ್ಣಪುಟ್ಟ ವ್ಯತ್ಯಾಸ ಇದೆ, ನಿಮ್ಮಲ್ಲಿಯದನ್ನು ನೋಡಿಕೊಳ್ಳಿ.

ಸಾಕಾ ಅಂದರೆ, ಎಂಜಿನ್ ನಿಂತರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. 172ರಂಥದ್ದು ಒಂದು ಅಡಿ ಇಳಿದರೆ ಹತ್ತಿರ ಹತ್ತಿರ ಒಂಬತ್ತು ಅಡಿ ಮುಂದೆ ತೇಲುತ್ತದೆ. 2,000 ಅಡಿಯಲ್ಲಿದ್ದರೆ ಎರಡೂವರೆ ನಿಮಿಷ ಇದೆ. ಹೊಲ ಹುಡುಕಬಹುದು, ಇಂಧನದ ಟ್ಯಾಂಕ್ ಬದಲಿಸಿ ನೋಡಬಹುದು, ರೇಡಿಯೋದಲ್ಲಿ ಹೇಳಬಹುದು, ಪಕ್ಕದವರ ಬೆಲ್ಟ್ ಬಿಗಿ ಮಾಡಿಸಬಹುದು. 500 ಅಡಿಯಲ್ಲಿ 40 ಸೆಕೆಂಡ್ ಇಲ್ಲ. 200ರಲ್ಲಿ 16 ಸೆಕೆಂಡ್, ಅದರಲ್ಲಿ ಮೊದಲ ಮೂರ್ನಾಲ್ಕು "ಏನಾಯ್ತು" ಅನ್ನುವುದರಲ್ಲೇ ಹೋಗುತ್ತದೆ. 500 ಅಡಿ ನೇರವಾಗಿ ಹಾರಿಹೋಗುವವನಿಗೆ. ಅಲ್ಲಿ ಸುತ್ತು ಹಾಕಬೇಡಿ.

ಪೈಲಟ್ ಮನೆಯವಳು

ನಾನು ಹಾರಲು ಕಲಿತವಳಲ್ಲ. ಪಕ್ಕದ ಸೀಟಿನಲ್ಲಿ ಕೂರುವವಳು. ಆ ಹುಡುಗನ ಜಾಗದಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ, ಒಮ್ಮೆ ನಮ್ಮವರು ಅವರ ಅಕ್ಕನ ಮನೆಯ ಮೇಲೆ ಹೀಗೇ ಸುತ್ತಿದ್ದರು. ನನಗೆ ಹೊಟ್ಟೆಯೊಳಗೆ ಕಲ್ಲು ಇಟ್ಟಂತಾಗಿತ್ತು. ಆದರೂ ನಗುತ್ತಾ ಕೂತಿದ್ದೆ, ಭಯ ಅಂದರೆ ಅವರಿಗೆ ಬೇಜಾರಾಗುತ್ತೆ ಅಂತ. ನಮ್ಮಂಥವರು ಏನು ಹೇಳಬೇಕು? ಏನು ಹೇಳಿದರೆ ಅವರಿಗೆ ಗಾಬರಿ ಆಗುವುದಿಲ್ಲ?

ಸ್ಪ್ರೇ ಪೈಲಟ್

ಅಕ್ಕ, ಎರಡೇ ಪದ. "ಮೇಲೆ ಹೋಗೋಣ". ಕಾರಣ ಹೇಳಬೇಕಾಗಿಲ್ಲ. ಕಿರುಚಬೇಡಿ, ತೋಳು ಹಿಡಿಯಬೇಡಿ. ವಿಮಾನ ಹತ್ತುವ ಮುಂಚೆಯೇ ಮಾತಾಡಿಕೊಂಡಿರಿ: ನಾನು ಮೇಲೆ ಹೋಗೋಣ ಅಂದರೆ ಹೋಗಲೇಬೇಕು, ಯಾಕೆ ಅಂತ ನೆಲದ ಮೇಲೆ ಕೇಳಿ. ನನ್ನ ಹೆಂಡತಿ ಒಮ್ಮೆ ಹೇಳಿದ್ದಾಳೆ. ಹೋದೆ.

ಗಾಳಿಪಟ

ಮೇಲಿನದೆಲ್ಲ ಎರಡು ಸಲ ಓದಿದೆ. 60 ಡಿಗ್ರಿಗೆ 68 ನಾಟ್ ಅನ್ನುವುದು ನಾನೂ ಪರೀಕ್ಷೆಗೆ ಬರೆದಿದ್ದೆ, ನದಿ ಮೇಲೆ ಹಾರುವಾಗ ಒಮ್ಮೆಯೂ ನೆನಪಿಗೆ ಬಂದಿಲ್ಲ. ತಂತಿಯ ವಿಷಯವಂತೂ ಯೋಚನೆಯೇ ಮಾಡಿರಲಿಲ್ಲ. ನಾನು ಹಾರುವ ಆ ನದಿಗೆ ಅಡ್ಡವಾಗಿ ಎಷ್ಟು ಲೈನ್ ಇದೆ ಅಂತ ಈ ವಾರ ಬೈಕಿನಲ್ಲಿ ಹೋಗಿ ನೋಡುತ್ತೇನೆ.

ವಾರಾಂತ್ಯದ ಪೈಲಟ್

ಎಲ್ಲರಿಗೂ ನಮಸ್ಕಾರ. ಎರಡು ವಾರ ಈ ಕಡೆ ಬರಲು ಆಗಲಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಗೆಳೆಯ ಈಗ ಕೂರುತ್ತಾನೆ. ಆ ಹುಡುಗನ ಫೋನಿನಲ್ಲಿ ವಿಮಾನದೊಳಗಿನ ವಿಡಿಯೋ ಇತ್ತು, ತನಿಖೆಯವರ ಹತ್ತಿರ ಇದೆ, ಇವನಿಗೆ ಕೇಳಿಸಿದ್ದಾರೆ. ಅದರಲ್ಲಿ ಹಾರ್ನ್ ಸ್ಪಷ್ಟವಾಗಿ ಇದೆಯಂತೆ. ಸಣ್ಣದಾಗಿ ಶುರುವಾಗಿ ಆಮೇಲೆ ಜೋರಾಗಿ, ಐದಾರು ಸೆಕೆಂಡ್. ಅದರ ಮೇಲೆ ಹುಡುಗ ನಗುತ್ತಾ "ಅಗೋ ಕೈ ಬೀಸ್ತಿದಾರೆ" ಅನ್ನುವುದು. ಇವನು ಗೋಡೆ ನೋಡುತ್ತಾ ಹೇಳಿದ, "ನನಗೆ ಕೇಳಿಸಲೇ ಇಲ್ಲ ಕಣೋ. ಅವತ್ತು ಆ ಹಾರ್ನ್ ನನಗೆ ಕೇಳಿಸಲೇ ಇಲ್ಲ." ನಾನು ಏನೂ ಹೇಳಲಿಲ್ಲ. ಕೈ ಬೀಸಿದವರಲ್ಲಿ ನಾನೂ ಇದ್ದೆ.

ಹಳೇ ಬೋಧಕ

ಅವರು ಸುಳ್ಳು ಹೇಳುತ್ತಿಲ್ಲ. ಮನಸ್ಸು ಪೂರ್ತಿ ಒಂದು ಕಡೆ ನೆಟ್ಟಾಗ ಕಿವಿಗೆ ಬಿದ್ದದ್ದೂ ತಲೆಗೆ ಹೋಗುವುದಿಲ್ಲ. ಪಾಠದಲ್ಲಿ ವಿದ್ಯಾರ್ಥಿಗಳಿಗೆ ಹಾರ್ನ್ ಕೂಗುವಾಗ ಏನು ಕೇಳಿಸುತ್ತಿದೆ ಅಂತ ಕೇಳಿದರೆ "ಏನು ಸರ್?" ಅಂದದ್ದು ಎಷ್ಟೋ ಸಲ ಇದೆ. ಅವರಿಗೆ ಇದನ್ನು ಹೇಳಿ.

ನೀವು ಯಾವಾಗ ಹೇಳಬೇಕಿತ್ತು ಅಂತ ಕೇಳಿದ್ದಿರಿ. ಮೊದಲನೇ ಸಲ ಕೆಳಗೆ ಹಾರಿ ಇಳಿದನಲ್ಲ, ಅವತ್ತು ಸಂಜೆ. ಒಬ್ಬನೇ ಇದ್ದಾಗ. ಗಂಟೆ ಕಡಿಮೆ ಇದ್ದವರು ಹೇಳಬಾರದು ಅಂತ ಏನೂ ಇಲ್ಲ. ಎಷ್ಟೋ ಸಾವಿರ ಗಂಟೆ ಹಾರಿದ ನನಗೂ ಒಬ್ಬಳು ವಿದ್ಯಾರ್ಥಿನಿ ಹೇಳಿದ್ದಾಳೆ, ಅವಳು ಹೇಳಿದ್ದು ಸರಿ ಇತ್ತು.

ವಾರಾಂತ್ಯದ ಪೈಲಟ್

ಹೇಳಿದೆ ಸರ್. ಗೆಳೆಯನಿಗಲ್ಲ, ಇನ್ನೊಬ್ಬರಿಗೆ.

ಕಳೆದ ಭಾನುವಾರ ನಮ್ಮ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ರನ್‌ವೇ ಮೇಲೆ ಕೆಳಗೆ ಹಾರಿ, ಮೂಗು ಎತ್ತಿ, ಹಾಗೇ ಎಡಕ್ಕೆ ಜೋರಾಗಿ ತಿರುಗಿದರು. ಎಲ್ಲರೂ ನೋಡಿದರು. ಇಳಿದು ವಿಮಾನಕ್ಕೆ ಹಗ್ಗ ಕಟ್ಟುತ್ತಿದ್ದಾಗ ನಾನು ಹತ್ತಿರ ಹೋದೆ. ಕೈ ನಡುಗುತ್ತಿತ್ತು, ಜೇಬಿನಲ್ಲಿ ಇಟ್ಟುಕೊಂಡೆ. "ಅಣ್ಣ, ತಿರುಗುವಾಗ ವೇಗ ಎಷ್ಟಿತ್ತು?" ಅಂತ ಮಾತ್ರ ಕೇಳಿದೆ. ಬೇಕಾದಷ್ಟಿತ್ತು ಅಂದರು. ಎಷ್ಟು ಅಂತ ಇನ್ನೊಮ್ಮೆ ಕೇಳಿದೆ. ಹಗ್ಗದ ಗಂಟು ಅರ್ಧಕ್ಕೆ ಬಿಟ್ಟು ನನ್ನ ಮುಖ ನೋಡಿದರು, ನಿನ್ನ ಗೆಳೆಯನ ಜೊತೆ ನನ್ನನ್ನು ಹೋಲಿಸಬೇಡ ಅಂತ ಬೈದು ಹೋದರು. ಮೂರು ದಿನ ಮಾತಿಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದರು. ತಿರುಗುವಾಗ ಮೀಟರ್ ನೋಡಿರಲಿಲ್ಲ ಅಂತ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 45 ಡಿಗ್ರಿಗೆ ಎಷ್ಟು, 60ಕ್ಕೆ ಎಷ್ಟು ಅಂತ ಕೇಳಿದರು. ನಿಮ್ಮ ಮೊದಲ ಉತ್ತರ ತೆಗೆದು ಓದಿ ಹೇಳಿದೆ ಸರ್. 57, 68. ಪೆನ್ನು ತಗೋತೀನಿ ಇರು, ಇನ್ನೊಂದು ಸಲ ಹೇಳು ಅಂದರು.